ಉಜ್ಜಿನಕ್ಕನ ಕೊಬ್ಬಿನ ಲೆಕ್ಕ

ಫೆಬ್ರವರಿ 3, ಸೋಮವಾರ

ಬೆಳಗ್ಗೆ ಜಿಮ್ ಗುಡಿಸಿದೆ, ಹೊಸ ಮಷೀನು ಒರೆಸಿದೆ. ಬರಿಗಾಲಲ್ಲಿ ಹತ್ತಿ ಹಿಡಿಕೆ ಹಿಡಿದರೆ ಮೈಯೊಳಗೆ ಸಣ್ಣ ಕರೆಂಟು ಹರಿಸಿ ಕೊಬ್ಬೆಷ್ಟು, ಮಾಂಸಖಂಡವೆಷ್ಟು, ಬೇರೆ ಬೇರೆ ತೋರಿಸುತ್ತದೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಇದನ್ನು ಒಪ್ಪಿಸಿದ್ದಾರೆ ಓನರ್ ಶಿವಶಂಕರ ಸರ್. ರಾಯದುರ್ಗಕ್ಕೆ ಬಂದ ಮೇಲೆ ಎಷ್ಟು ಕೆಲಸ ಬಿಟ್ಟೆನೋ. ಇದನ್ನಾದರೂ ಬಿಡಬಾರದು.

ಸಂಜೆ ಪಕ್ಕದ ಮನೆಯ ಉಜ್ಜಿನಕ್ಕ ಜೀನ್ಸ್ ಹೊಲಿಯುವ ಶೆಡ್ಡಿನಿಂದ ನೇರ ಬಂದಳು. ಶುಗರ್ ಬಾರ್ಡರಿನಲ್ಲಿದೆ, ಮೈ ಇಳಿಸಿ ಎಂದಿದ್ದಾರಂತೆ ಡಾಕ್ಟರು. ಚಪ್ಪಲಿ ಬಿಟ್ಟು ಮಷೀನು ಹತ್ತಿದಳು.

"ಖರೇ ಹೇಳ್ಬೇಕು ನೋಡವ್ವ. ಮುಚ್ಚಿಡಬ್ಯಾಡ."

"ನಲವತ್ತೊಂದು ಪರ್ಸೆಂಟ್ ಕೊಬ್ಬು ಕಣಕ್ಕ. ಜಾಸ್ತಿನೇ ಆಯ್ತು."

"ಅಯ್ಯ! ಅರ್ಧ ನಾನು, ಅರ್ಧ ಡಾಲ್ಡಾ ಅನ್ನು!"

ನಕ್ಕಳು. ಚಪ್ಪಲಿ ಮರೆತು ಹೊರಟಳು, ಕರೆದು ಕೊಟ್ಟೆ. ಬೇರೆಯವರಾಗಿದ್ದರೆ ಕಮ್ಮಿ ಮಾಡಿ ಹೇಳುತ್ತಿದ್ದರು. ನಾನು ಇದ್ದದ್ದನ್ನೇ ಹೇಳಿದೆ.

ಫೆಬ್ರವರಿ 11

ಉಜ್ಜಿನಕ್ಕ ರಾತ್ರಿ ಊಟ ಬಿಟ್ಟಿದ್ದಾಳೆ. ಈಗ ಬೆಳಗಿನದೂ. "ಕರಗ್ತದಲ್ಲ, ಕರಗಲಿ" ಅಂತಾಳೆ. ಬೇಡ ಅನ್ನಲಿಲ್ಲ. ಹಟ ಇದೆ ಅಂತ ಮೆಚ್ಚಿಕೊಂಡೆ.

ಫೆಬ್ರವರಿ 27

ಉಜ್ಜಿನಕ್ಕ ಶೆಡ್ಡಿನಲ್ಲಿ ಬಿದ್ದಳು. ಹೊಲಿಯುತ್ತಿದ್ದಾಗಲೇ ಕಣ್ಣು ಕತ್ತಲೆ ಬಂದು... ಸೂಜಿ ಬೆರಳಿನಲ್ಲಿ ಹಾದು ಮುರಿದಿದೆ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಊಟ ಬಿಟ್ಟಿದ್ದಕ್ಕೂ ಬೈದರು, ನೀರು ಕುಡಿಯದ್ದಕ್ಕೂ ಬೈದರು. ಶೆಡ್ಡಿನಲ್ಲಿ ಹೆಂಗಸರು ಯಾರೂ ಕುಡಿಯುವುದಿಲ್ಲ. ಕುಡಿದರೆ ಹೊರಗೆ ಹೋಗಬೇಕು, ಸೂಪರ್‌ವೈಸರನನ್ನು ಕೇಳಬೇಕು. ಬೆಳಗಿನಿಂದ ಒಣಗಿಯೇ ಕೂರುತ್ತಾರೆ.

ಸರ್‌ಗೆ ಹೇಳಿದೆ. ಮೈಯಲ್ಲಿ ನೀರು ಕಮ್ಮಿಯಿದ್ದರೆ ಮಷೀನು ಕೊಬ್ಬು ಹೆಚ್ಚು ತೋರಿಸುತ್ತದಂತೆ.

"ಗ್ವಾಡಿಗೆ ಅಂಟಿಸೀನಲ್ಲ ಶಿವಲೀಲಾ, ಓದ್ಲಿಲ್ಲೇನು?"

ಗೋಡೆಯ ಮೇಲಿನ ಆ ಚೀಟಿ ಇಂಗ್ಲಿಷಿನಲ್ಲಿತ್ತು. ಓದಲು ಬರಲಿಲ್ಲ, ಕೇಳಲೂ ಇಲ್ಲ.

ಆದರೆ ನಾನು ಹೇಮಾವತಿ ಊರಿನ ಕಡೆಯ ಕುರಿ ಸಾಕುವವರ ಮನೆಯವಳು. ಸಂತೆಯಲ್ಲಿ ಕೊಳ್ಳುವ ಕುರಿಯನ್ನು ತೂಕಕ್ಕೆ ಹಾಕುವ ಮೊದಲು ಅಪ್ಪ ಕೇಳುತ್ತಿದ್ದದ್ದೇ "ನೀರು ಕುಡ್ಸಿದ್ದೀರಾ, ಇಲ್ವಾ?" ಅಂತ. ನೀರಿನಿಂದ ತೂಕ ಏರುತ್ತದಲ್ಲ. ಕುರಿಗೆ ಕೇಳುವುದನ್ನು ಅಕ್ಕನಿಗೆ ಕೇಳಲಿಲ್ಲ.

ಮಾರ್ಚ್ 2, ಸಂಜೆ

ಉಜ್ಜಿನಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಬ್ಯಾಂಡೇಜಿನ ಕೈ ಮಡಿಲಲ್ಲಿತ್ತು.

"ಹಂಗಾದ್ರ ನನ್ನ ಕೊಬ್ಬು ಖರೇ ಎಷ್ಟವ್ವ?"

"ಗೊತ್ತಿಲ್ಲ ಕಣಕ್ಕ."

"ಅವತ್ತು ಗೊತ್ತಿಲ್ಲ ಅನ್ನಾಕ ಏನಾಗಿತ್ತು?"

ಅನ್ನ ಸಾರು ಕಲಸಿ ತುತ್ತು ಹಿಡಿದೆ. ಮುಖ ತಿರುಗಿಸಿದಳು.

"ಬ್ಯಾಡವ್ವ. ತಾಟಿನ ಮುಂದ ಕುಂತ್ರ ನೀ ಹೇಳಿದ ನಂಬರೇ ಕಾಣ್ತದ."

ಮಷೀನು ಹೇಳಿದ ನಂಬರು ಅನ್ನಲಿಲ್ಲ ಅವಳು, ನೀ ಹೇಳಿದ್ದು ಅಂದಳು.

ಮಾರ್ಚ್ 3

ಕೆಲಸಕ್ಕೆ ಮುಂಚೆ ಮತ್ತೆ ಹೋಗುತ್ತೇನೆ. ನಾನೂ ತಿಂದಿಲ್ಲ. ಅವಳ ಎದುರು ಕೂತು ತಿನ್ನುತ್ತೇನೆ, ಏನೂ ಹೇಳುವುದಿಲ್ಲ. ಅವಳು ಬಾಗಿಲು ತೆರೆದರೆ ಸಾಕು.