ಹಸಿರು ಉಜ್ಜುಬಟ್ಟೆ

ಮೊಕ್ಪೊ
ನವೆಂಬರ್ ೯

ಗೌರವಾನ್ವಿತ ಬೀಗಿತ್ತಿ ಓಕ್‌ಬುನ್ ಅವರಿಗೆ,

ನಮ್ಮ ಮೊಮ್ಮಗಳು ದಾಸೊಮ್‌ಳ ಹೃದಯದ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋದದ್ದೇಕೆಂದು ನೀವು ನೆಂಟರನ್ನೆಲ್ಲ ಕೇಳುತ್ತಿರುವಿರೆಂದು ತಿಳಿಯಿತು. ಉತ್ತರವನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಸಾರ್ವಜನಿಕ ಸ್ನಾನಗೃಹದಲ್ಲಿ ನೀವು ಅವಳ ಎದೆಯನ್ನು ತಿಕ್ಕಿದ ಒರಟು ಹಸಿರು ಉಜ್ಜುಬಟ್ಟೆ ಅದು.

ಮೃದುವಾದ ಸಾಬೂನಿನಿಂದ ತೊಳೆದರೆ ಸಾಕು, ಚರ್ಮ ತರಚಬಾರದು ಎಂದು ಆಸ್ಪತ್ರೆಯವರು ಬರೆದುಕೊಟ್ಟಿದ್ದನ್ನು ನಾನು ನಿಮಗೆ ಎರಡು ಸಲ ಓದಿ ಹೇಳಿದ್ದೆ. "ಅಯ್ಯೋ ಮೇಷ್ಟ್ರಮ್ಮ, ನಾಲ್ಕು ಮಕ್ಕಳನ್ನ ಉಜ್ಜಿ ಉಜ್ಜೇ ಬೆಳೆಸಿದೀನಿ. ಕೊಳೆ ಸುರುಳಿ ಸುರುಳಿಯಾಗಿ ಉದುರದಿದ್ರೆ ಅದೂ ಒಂದು ಸ್ನಾನಾನಾ?" ಎಂದು ಎಲ್ಲರೆದುರು ನಕ್ಕಿರಿ. ಬೆಳಗಾಗುವಷ್ಟರಲ್ಲಿ ಗೀರುಗಳು ಕೆಂಪಾಗಿ ಊದಿದ್ದವು. ಅಲ್ಲಿಂದ ಸೋಂಕು ಒಳಗಿಳಿಯಬಹುದೆಂದು ವೈದ್ಯರು ಮಗುವನ್ನು ಮನೆಗೆ ಕಳುಹಿಸಿದರು. ಮೂರು ವಾರಗಳಿಂದ, ಮೆಟ್ಟಿಲು ಹತ್ತುವಾಗ ಅವಳ ತುಟಿ ನೀಲಿಗಟ್ಟುವುದನ್ನು ನಾನು ನೋಡುತ್ತಿದ್ದೇನೆ.

ಬರುವ ಗುರುವಾರ ಶಸ್ತ್ರಚಿಕಿತ್ಸೆ. ಜೊತೆಗಿರುವವರನ್ನು ವಾರ್ಡಿನೊಳಗೆ ಬಿಡಲು ಆಸ್ಪತ್ರೆ ಕೊಡುವ ಕೈಪಟ್ಟಿ ಒಂದೇ. ಅದನ್ನು ನನಗೇ ಕೊಡಬೇಕೆಂದು ಬರೆದುಕೊಟ್ಟವರು ನಿಮ್ಮ ಮಗ. ಮಗುವನ್ನು ನೋಡುವ ಆಸೆಯಿದ್ದರೆ, ಚರ್ಮ ತರಚಬಾರದೆಂಬ ಆಸ್ಪತ್ರೆಯ ಆ ಸೂಚನೆಯನ್ನು ಐವತ್ತು ಸಲ ಕೈಯಾರೆ ಬರೆದು ತನ್ನಿ. ವಾರ್ಡಿನ ಬಾಗಿಲಲ್ಲಿ ಕುಳಿತು ನಾನೇ ತಿದ್ದುತ್ತೇನೆ. ಕೈ ತೊಳೆದ ಮೇಲೆ ಕಾಗದ ಕೊಡಿ.

"ಅಜ್ಜಿ, ಆ ಅಜ್ಜಿಗೆ ಬೈದ್ಯಾ?" ಎಂದು ದಾಸೊಮ್ ಈಗತಾನೆ ಕೇಳಿದಳು. ಇಲ್ಲ, ಪತ್ರ ಬರೆಯುತ್ತಿದ್ದೇನೆ ಎಂದೆ.

"ಅಯ್ಯೋ, ಪಾಪ ಆ ಅಜ್ಜಿ!" ಎಂದಳು.

ಇಂತಿ,
ಸೊ ಮ್ಯೊಂಗ್‌ಸುಕ್
ನಿವೃತ್ತ ಉಪಾಧ್ಯಾಯಿನಿ