ಗೋದಲಿಯ ಅಳತೆ

ಡಿಸೆಂಬರ್ ಏಳು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಬುಗುರಿ ಕಾಗದ ಬರೆಯಲು ಕೂತಿದ್ದಾನೆ ಅಂದರೆ ನೀನು ನಂಬುವುದಿಲ್ಲ. ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದ ಮೇಲೆ ನಾನು ಒಂದು ಇಡೀ ಪುಟ ಬರೆದದ್ದು ಇದೇ ಮೊದಲು. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಮಾಡಿದೆನಲ್ಲ. ಅಪ್ಪನ ಮಾತು ಎತ್ತಿದ ಕೂಡಲೇ ನಿಮ್ಮ ಮನೆಯಲ್ಲಿ ಕುಕ್ಕರ್ ಕೂಗುತ್ತದೆ. ಬೆಳಿಗ್ಗೆ ಮಾಡಿದರೂ ಕೂಗುತ್ತದೆ, ಸಂಜೆ ಮಾಡಿದರೂ ಕೂಗುತ್ತದೆ. ಕಾಗದದಲ್ಲಿ ಆ ಕಾಟ ಇಲ್ಲ. ಒಲೆ ಆರಿಸಿ, ಕೂತು, ಪೂರ್ತಿ ಓದು.

ಮೊದಲು ನನ್ನ ಸುದ್ದಿ. ಗ್ಯಾರೇಜು ಬಿಟ್ಟೆ. ಆಮೇಲೆ ಬೇಕರಿ ಸೇರಿದೆ, ಅದನ್ನೂ ಬಿಟ್ಟೆ. ಬೇಕರಿಯವನು ಒಳ್ಳೆಯವನೇ, ಆದರೆ ದಿನವಿಡೀ ಒಲೆ ಮುಂದೆ ನಿಂತು ಬನ್ನು ಕೆಂಪಗಾಗುವುದನ್ನು ಕಾಯುವುದು ನನ್ನಿಂದ ಆಗಲಿಲ್ಲ. ಈಗ ಅಪ್ಪನ ಮರಗೆಲಸದ ಶೆಡ್ಡಿನಲ್ಲಿ ಪಾಲಿಶ್ ಪೇಪರ್ ಉಜ್ಜುತ್ತಿದ್ದೇನೆ. ಕ್ರಿಸ್‌ಮಸ್‌ವರೆಗಾದರೂ ಇರುತ್ತೀಯಾ, ಇಲ್ಲ ನಿನ್ನ ಪಾಲಿನ ಕೇಕನ್ನು ಪೋಸ್ಟ್ ಮಾಡಲಾ ಎಂದು ಅಮ್ಮ ಕೇಳುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಟೀಚರಮ್ಮ ಶೆಡ್ಡಿಗೆ ಬಂದಿದ್ದರು. ಅದೇ ಕೊಡೆ, ಅದೇ ಬಟ್ಟೆ ಚೀಲ, ನನ್ನನ್ನು ನೋಡಿದ ಕೂಡಲೇ ಅದೇ ಮಾತು, ಉಗುರು ತೋರಿಸು. ಈ ವರ್ಷ ಅವರು ನಿವೃತ್ತಿ ಆಗುತ್ತಾರಂತೆ. ಇದೇ ಅವರ ಕೊನೆಯ ಕ್ರಿಸ್‌ಮಸ್ ನಾಟಕ. ಯೇಸುವಾಗಿ ಮಲಗಿಸಲು ಊರಿನಲ್ಲಿ ಈ ವರ್ಷವೂ ಒಂದು ಮಗು ಹುಟ್ಟಿಲ್ಲ. ಇದ್ದವರೆಲ್ಲ ಒಂದೋ ನನ್ನ ಹಾಗೆ ಮದುವೆ ಆಗದವರು, ಇಲ್ಲ ಅಜ್ಜಿಯರು. ಕಳೆದೆರಡು ವರ್ಷದಿಂದ ಬಿಸ್ಕತ್ತಿನ ರಟ್ಟಿನ ಡಬ್ಬದಲ್ಲಿ ಪ್ಲಾಸ್ಟಿಕ್ ಗೊಂಬೆ ಮಲಗಿಸಿ ನಾಟಕ ಮುಗಿಸಿದ್ದಾರೆ. ನೀನು ಹೋದ ಮೇಲೆ ಅಪ್ಪ ಮಗು ಮಲಗಿಸುವ ಮರದ ಗೋದಲಿ ಮಾಡಿಕೊಟ್ಟಿಲ್ಲ, ನಾಟಕ ನೋಡಲೂ ಹೋಗಿಲ್ಲ. ಟೀಚರಮ್ಮ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿ, ನನ್ನ ಕಡೆ ನೋಡಿಕೊಂಡೇ, ನಿನ್ನ ಅಕ್ಕನ ಮಗುವಿಗೆ ಈಗ ಎಷ್ಟು ತಿಂಗಳು ಎಂದು ಕೇಳಿದರು.

ಅಪ್ಪ ಆ ಕಡೆ ಹಲಗೆ ನಯಮಾಡಲು ತೋಪಡ ಹೊಡೆಯುತ್ತಿದ್ದ. ಸದ್ದು ನಿಂತಿತು. ಏನಾದರೂ ಅನ್ನುತ್ತಾನೆ ಎಂದು ನಾನು ಕಾದೆ. ಮತ್ತೆ ತೋಪಡದ ಸದ್ದು ಶುರುವಾಯಿತು.

ಅಕ್ಕ, ಆ ನಾಟಕ ನಿನಗೆ ನೆನಪಿದೆಯಲ್ಲ. ನನಗೆ ಬೇರೆ ಪಾಠ ಒಂದೂ ನೆನಪಿಲ್ಲ, ಅದೊಂದು ಮಾತ್ರ ಚಾಚೂ ತಪ್ಪದೆ ಇದೆ. ಒಂದೇ ಕೋಣೆಯ ಶಾಲೆ, ತಗಡಿನ ಮಾಡು, ಬೆಂಚುಗಳನ್ನೆಲ್ಲ ಹೊರಗೆ ಹಾಕಿದರೆ ಅದೇ ರಂಗಮಂದಿರ. ಪರದೆಗೆ ನಮ್ಮ ಮನೆಯ ನೀಲಿ ಹೊದಿಕೆ. ಚುಕ್ಕಿಗೆ ಟೀಚರಮ್ಮ ವರ್ಷವಿಡೀ ಕೂಡಿಟ್ಟ ಚಾಕೊಲೇಟ್ ಕಾಗದ. ಕುರಿಗಳಿಗೆ ಉಣ್ಣೆ ಎಲ್ಲಿಂದ ಬರಬೇಕು? ಅಪ್ಪ ಹಲಗೆಗೆ ತೋಪಡ ಹೊಡೆದಾಗ ಬೀಳುವ ಮರದ ಸುರುಳಿಗಳನ್ನು ಮೂಟೆ ಕಟ್ಟಿ ಕಳಿಸುತ್ತಿದ್ದ. ಹಳೇ ಬನಿಯನ್ನಿಗೆ ಅಂಟು ಬಳಿದು ಸುರುಳಿ ಮೆತ್ತಿದರೆ ಕುರಿ ತಯಾರು. ಬಡಗಿಯ ಮಗ ಅಂತ ನನಗೆ ಒಮ್ಮೆ ಬಡಗಿ ಜೋಸೆಫನ ಪಾತ್ರ ಕೊಟ್ಟರು. ಸುಮ್ಮನೆ ನಿಲ್ಲುವುದೇ ಅವನ ಕೆಲಸ, ನನಗೆ ಅದೊಂದೇ ಬರುವುದಿಲ್ಲ. ಮಾರನೇ ವರ್ಷದಿಂದ ನಾನು ಖಾಯಂ ಕುರಿ. ಮೈಯೆಲ್ಲ ತುರಿಕೆ. ದೇವದೂತ ಶುಭವಾರ್ತೆ ಹೇಳುತ್ತಿದ್ದರೆ ನಾನು ಗೋಡೆಗೆ ಬೆನ್ನು ತಿಕ್ಕುತ್ತಿದ್ದೆ. ಜನ ಶುಭವಾರ್ತೆ ಬಿಟ್ಟು ನನ್ನನ್ನೇ ನೋಡಿ ನಗುತ್ತಿದ್ದರು.

ಆದರೆ ಗೋದಲಿಯಲ್ಲಿ ಮಾತ್ರ ನಿಜವಾದ ಮಗು. ಊರಿಗೆ ಎಲ್ಲಕ್ಕಿಂತ ಕಡೆಗೆ ಬಂದ ಮಗು, ಯಾರ ಮನೆಯದಾದರೂ ಸರಿ, ಗಂಡಾದರೂ ಹೆಣ್ಣಾದರೂ ಸರಿ. ಅವಳಿ ಮಕ್ಕಳ ವರ್ಷ ಎರಡನ್ನೂ ಒಟ್ಟಿಗೆ ಮಲಗಿಸಿದ್ದರು. ರಾಜರ ವೇಷದ ಮಕ್ಕಳು ಯಾರಿಗೆ ಕಾಣಿಕೆ ಕೊಡಬೇಕು ಅಂತ ತಿಳಿಯದೆ ನಿಂತಾಗ, ಹಿಂದೆ ಕೂತಿದ್ದ ಹಾಲಿನ ಅಜ್ಜಿ, ಒಂದು ಹೆಚ್ಚಾದರೆ ನಮ್ಮನೆಗೆ ಕೊಡಿ ಅಂದಿದ್ದಳು.

ನನ್ನ ವರ್ಷ ನೀನೇ ಮರಿಯಮ್ಮ. ನನಗೆ ನೆನಪಿರಲು ಸಾಧ್ಯವಿಲ್ಲ, ಆದರೂ ನಿನ್ನ ಬಾಯಲ್ಲಿ ಕೇಳಿ ಕೇಳಿ ಕಣ್ಣಿಗೆ ಕಟ್ಟಿದೆ. ಅಪ್ಪ ನಾನು ಹುಟ್ಟಿದ ವಾರವೇ ಅಳತೆ ತೆಗೆದು ಗೋದಲಿ ಮಾಡಿಟ್ಟ. ಕೆಲಸ ಮುಂಚೆಯೇ ಮುಗಿಸುವುದು ಅವನ ಹೆಮ್ಮೆ ನೋಡು. ಕ್ರಿಸ್‌ಮಸ್ ಬರುವಷ್ಟರಲ್ಲಿ ನಾನು ಬೆಳೆದುಬಿಟ್ಟಿದ್ದೆ. ಮರಕ್ಕೆ ಅಳತೆ ತೆಗೆದರೆ ಅಷ್ಟೇ ಇರುತ್ತದೆ, ಮಗು ಇರುತ್ತದಾ? ಕಾಲು ಮಡಚಿ ತುರುಕಿದರು, ನಾನು ಒದ್ದೆ, ಕಾಲಿನ ಕಡೆಯ ಹಲಗೆ ಕಿತ್ತು ಬಂತು. ನೀನು ಆ ಹಲಗೆಗೆ ಮೊಣಕಾಲು ಒತ್ತಿ ಹಿಡಿದುಕೊಂಡೇ ನಾಟಕ ಮುಗಿಸಿದೆ. ಆಮೇಲೆ ಗ್ರೂಪ್ ಫೋಟೋದಲ್ಲೂ ಹಾಗೇ ಕೂತಿದ್ದೀಯ. ಎಲ್ಲರೂ ಭಕ್ತಿ ಅಂದುಕೊಂಡರು. ಅಪ್ಪ ಹಿಂದೆ ನಿಂತು ನೆಲ ನೋಡುತ್ತಿದ್ದಾನೆ, ನಾಚಿಕೆಯಿಂದ.

ಫೋಟೋ ಅಂದಮೇಲೆ ಆ ಮಾತೂ ಬರುತ್ತದೆ. ನೀನು ಅದೇ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಹೇಳಿಕೊಡಲು ಸೇರಿದ ಮೇಲೆ, ಪ್ರತಿ ಕ್ರಿಸ್‌ಮಸ್‌ಗೆ ಪಟ್ಟಣದಿಂದ ಸ್ಟುಡಿಯೋದವರು ಬರುತ್ತಿದ್ದರು. ಆ ಸ್ಟುಡಿಯೋದವರು ನನ್ನ ಭಾವ ಆದದ್ದು ನನಗೆ ಖುಷಿಯೇ. ಕುರಿ ವೇಷದಲ್ಲಿ ನನ್ನದೊಂದು ಒಳ್ಳೆ ಫೋಟೋ ತೆಗೆದ ಪುಣ್ಯಾತ್ಮ. ಅಪ್ಪ ಮಾತ್ರ ಒಂದು ಮಾತು ಅಂದುಬಿಟ್ಟ, ‘ನಗು ಅಂತ ಹೇಳೋದೂ ಒಂದು ಕಸುಬಾ?’ ಅದಕ್ಕಿಂತ ದೊಡ್ಡದು ಮದುವೆ ದಿನ ಮಾಡಿದ್ದು. ಎಲ್ಲರೂ ಫೋಟೋಗೆ ನಿಂತಾಗ ಅವನು ಹಿತ್ತಲಲ್ಲಿ ಕುರ್ಚಿ ಎಣಿಸುತ್ತಿದ್ದ. ನಿನ್ನ ಮದುವೆ ಫೋಟೋದಲ್ಲಿ ನಿನ್ನ ಬಲಗಡೆ ಖಾಲಿ ಜಾಗ ಇದೆ. ನನ್ನ ಪಕ್ಕ ನಿಲ್ಲದವನ ಮನೆ ಮೆಟ್ಟಿಲು ಹತ್ತುವುದಿಲ್ಲ ಎಂದು ನೀನು ಹೇಳಿ ಹೋದೆ. ನಿನ್ನ ತಪ್ಪು ಅಂತ ನಾನು ಯಾವತ್ತೂ ಅಂದಿಲ್ಲ.

ಅದಕ್ಕೇ ನಾನೊಂದು ದಾರಿ ಯೋಚಿಸಿದ್ದೇನೆ. ಮನೆ ಮೆಟ್ಟಿಲು ಹತ್ತಬೇಡ. ಇಪ್ಪತ್ನಾಲ್ಕಕ್ಕೆ ಮಧ್ಯಾಹ್ನದ ಬಸ್ಸು ಶಾಲೆಯ ಮುಂದೆಯೇ ನಿಲ್ಲುತ್ತದೆ. ನೇರ ಶಾಲೆಗೆ ಬಾ. ಪಾಪು ಅರ್ಧ ಗಂಟೆ ಮಲಗಿದರೆ ಸಾಕು, ಅತ್ತರೂ ಪರವಾಗಿಲ್ಲ. ಟೀಚರಮ್ಮನ ಕೊನೆಯ ನಾಟಕ ನಡೆಯಲಿ. ಸಂಜೆ ಬಸ್ಸಿಗೆ ನಾನೇ ಹತ್ತಿಸುತ್ತೇನೆ. ಅಪ್ಪ ಎದುರು ಬಂದು ಏನಾದರೂ ಅಂದರೆ ಅವನನ್ನು ಬೇರೆ ಕಡೆ ಎಳೆದುಕೊಂಡು ಹೋಗುವ ಜವಾಬ್ದಾರಿ ನನ್ನದು. ಅಷ್ಟು ಹೊತ್ತು ನಾನು ಒಂದೇ ಜಾಗದಲ್ಲಿ ಇರುತ್ತೇನೆ, ಆಣೆ.

ಬೇಡ ಅನ್ನಿಸಿದರೆ ಬರಬೇಡ. ಆದರೆ ಬಾಯಿಬಿಟ್ಟು ಬೇಡ ಅನ್ನು, ಕುಕ್ಕರ್ ಕೂಗಿಸಬೇಡ. ಆ ಕಡೆ ಅಮ್ಮ ನೀಲಿ ಹೊದಿಕೆ ಒಗೆದು ಒಣಹಾಕಿದ್ದಾಳೆ. ಯಾಕೆ ಅಂತ ಕೇಳಿದರೆ, ಬಿಸಿಲಿತ್ತು ಅನ್ನುತ್ತಾಳೆ.

ಅಪ್ಪ ಚೆನ್ನಾಗಿದ್ದಾನೆ. ಎರಡು ದಿನದಿಂದ ಅದೇನೋ ಒಂದು ಪೆಟ್ಟಿಗೆ ಮಾಡುತ್ತಿದ್ದಾನೆ. ಏನು ಅಂದರೆ ಕೋಳಿಗೂಡಂತೆ. ನಾನು ಹೊರಗಡೆ ಉಜ್ಜಿ ಮುಗಿಸಿದರೆ, ಒಳಗಡೆ ಸರಿಯಾಗಿ ಉಜ್ಜು, ಕೈಯಾಡಿಸಿದರೆ ಒಂದು ಸಿಬಿರೂ ತಾಗಬಾರದು ಅಂತ ಬೈಯುತ್ತಾನೆ. ಕೋಳಿಗೆ ಇಷ್ಟು ಉಪಚಾರ ಮಾಡಿದ್ದು ನಾನಂತೂ ನೋಡಿಲ್ಲ.

ಭಾವನಿಗೆ ನಮಸ್ಕಾರ ಹೇಳು. ಪಾಪುವಿನ ಅಂಗಾಲಿಗೆ ನನ್ನದೊಂದು ಮುತ್ತು.

ಇಂತಿ ನಿನ್ನ,
ಬುಗುರಿ

ತಾ.ಕ.: ಲಕೋಟೆಗೆ ಅಂಟು ಬೇಕಾಗಿತ್ತು. ಅಪ್ಪನ ಹತ್ಯಾರಿನ ಪೆಟ್ಟಿಗೆ ತೆಗೆದೆ. ಭಾವ ಅಮ್ಮನಿಗೆ ಕಳಿಸಿದ್ದ ಪಾಪುವಿನ ಫೋಟೋ ಅದರಲ್ಲಿತ್ತು. ಅದನ್ನು ನಾನೇ ಕಳೆದೆ ಅಂತ ಅಮ್ಮ ಒಂದು ವಾರದಿಂದ ನನ್ನ ತಲೆ ತಿನ್ನುತ್ತಿದ್ದಾಳೆ. ನೀನು ಮದುವೆಯಾಗಿ ಹೋಗುವಾಗ ತೆಗೆದುಕೊಂಡು ಹೋದ ಪುಟ್ಟ ಬೆಂಚಿನ ಮೇಲೆ ಮಲಗಿದ್ದಾನಲ್ಲ, ಅದೇ ಫೋಟೋ. ಪಾಪುವಿನ ತಲೆಯ ಹತ್ತಿರ ಒಂದು, ಹಿಮ್ಮಡಿಯ ಹತ್ತಿರ ಒಂದು, ಸಣ್ಣಗೆ ಪೆನ್ಸಿಲ್ ಗೆರೆ.

ನೋಡುತ್ತಿರುವಾಗಲೇ ಅಪ್ಪ ಹಿಂದೆ ಬಂದು ನಿಂತಿದ್ದ. ಬೈಯಲಿಲ್ಲ. ಫೋಟೋ ಕೈಗೆ ತೆಗೆದುಕೊಂಡು, ‘ಬೆಂಚು ನಾನೇ ಮಾಡಿದ್ದು. ಅದರ ಉದ್ದ ನಂಗೆ ಗೊತ್ತು. ಮೇಲೆ ಮಲಗಿರೋನ ಉದ್ದ ಗೊತ್ತಾಗಲ್ವಾ?’ ಅಂದ. ಅದನ್ನು ಬೆಳಕಿಗೆ ಹಿಡಿದು ನೋಡಿ, ‘ಚೆನ್ನಾಗಿ ತೆಗೆದಿದ್ದಾನೆ. ಬೆಂಚಿನ ಅಂಚು ಎಲ್ಲೂ ಸೊಟ್ಟ ಇಲ್ಲ’ ಅಂದ. ಪಾಪುವಿನ ಬಗ್ಗೆ ಅಲ್ಲ, ಭಾವನ ಕಸುಬಿನ ಬಗ್ಗೆ ಹೇಳಿದ್ದು.

ಈ ಫೋಟೋ ತೆಗೆದು ಎಷ್ಟು ದಿನವಾಯಿತೋ, ಇಷ್ಟರಲ್ಲಿ ಬೆಳೆದಿರುತ್ತಾನೆ, ದಾರದಲ್ಲಿ ಅಳತೆ ಕಳಿಸಲು ಬರೆ ಎಂದು ನನಗೆ ಹೇಳಿ ಹೊರಟ. ಬಾಗಿಲಲ್ಲಿ ನಿಂತು ತಿರುಗಿದ.

‘ದಾರ ಬೇಡ. ಎಳೆದ್ರೆ ಹಿಗ್ಗುತ್ತೆ. ಮಗೂನೇ ಕರ್ಕೊಂಡು ಬರ್ಲಿ, ಇಬ್ರೂ.’

ಅಕ್ಕ, ಕೋಳಿಗೂಡಿನ ಕಾಲಿನ ಕಡೆಯ ಹಲಗೆಗೆ ಅವನು ಇನ್ನೂ ಮೊಳೆ ಹೊಡೆದಿಲ್ಲ.