ನಾಲ್ಕು ಗಂಟೆಯ ಅಂತರ

ಬಿಳಿಗೆರೆ
೧೪-೮-೨೦೨೫

ಚಿ. ಸೌಂದರ್ಯಳಿಗೆ,

ಆಶೀರ್ವಾದ, ಅದರ ಜೊತೆಗೇ ನನ್ನ ಸೋಲೊಪ್ಪಿಗೆ.

ಮೂರು ತಿಂಗಳ ಹಿಂದೆ ನೀನು ತುರುವೇಕೆರೆಯ ನಿನ್ನ ಔಷಧಿ ಅಂಗಡಿಯಿಂದ ಅಮ್ಮನಿಗೆ ಕ್ಯಾಲ್ಸಿಯಂ ಮಾತ್ರೆ ಕಳುಹಿಸಿದೆ. ಅದನ್ನು ಊಟದ ಜೊತೆ ಕೊಡಬೇಕು, ಬೆಳಗಿನ ಥೈರಾಯ್ಡ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರವಿರಬೇಕು ಎಂದೆ. ಲಿಂಗಪೂಜೆ ಮುಗಿದೊಡನೆ ಎಲ್ಲ ಮಾತ್ರೆಯನ್ನೂ ಒಂದೇ ಗುಟುಕು ನೀರಿನಲ್ಲಿ ನುಂಗುವುದು ನಮ್ಮ ಮನೆಯ ಕ್ರಮ. ಹೊಟ್ಟೆಯೊಳಗೆ ಗಡಿಯಾರವಿಲ್ಲವೆಂದು ವಾದಿಸಿ, ನನ್ನ ಕಾಲೇಜು ದಿನಗಳ ಚರ್ಚಾಸ್ಪರ್ಧೆಯ ಗತ್ತಿನಲ್ಲೇ ನಿನ್ನ ಬಾಯಿ ಮುಚ್ಚಿಸಿದೆ. "ಅಣ್ಣನ ಎದೆನೋವಿಗೂ ಹಿಂಗೇ ವಾದ ಮಾಡಿದ್ರಿ ಅಪ್ಪಾಜಿ" ಎಂದು ಫೋನಿಟ್ಟವಳು ಮತ್ತೆ ಮನೆಗೆ ಬಂದಿಲ್ಲ.

ನಿನ್ನ ಅಮ್ಮ ಸೊರಗಿದಳು. ಅಟ್ಟದಿಂದ ಇಳಿಸಿದ ಕೊಬ್ಬರಿ ಆರಿಸುತ್ತ ಕೂತಲ್ಲೇ ತೂಕಡಿಸುವಳು. ಮೊನ್ನೆ ತಿಪಟೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತಿರಲಿಲ್ಲ. ಎರಡನ್ನೂ ಒಟ್ಟಿಗೆ ನುಂಗಿದ್ದು ಯಾರ ಬುದ್ಧಿಯೆಂದು ವೈದ್ಯೆ ಕೇಳಿದರು.

"ನಂದೇ ಕಣ್ರೀ ಡಾಕ್ಟ್ರಮ್ಮ. ಮರೆವು ಜಾಸ್ತಿ, ಬುಡಿ" ಎಂದಳು ನಿನ್ನ ಅಮ್ಮ.

ನಾನು ಪಕ್ಕದಲ್ಲೇ ಇದ್ದೆ. ರಕ್ತ ಪರೀಕ್ಷೆಯ ಚೀಟಿಯನ್ನು ಮಡಚಿ ಜೇಬಿಗಿಟ್ಟೆ.

ಆಮೇಲೆ ಮೂಳೆಗೆ ಕ್ಯಾಲ್ಸಿಯಂ ಯಾಕೆ ಬೇಕೆಂದು ವೈದ್ಯೆ ಹೇಳಿದ್ದನ್ನು ಕೇಳಿ ಬೆರಗಾದೆ. ಮೂಳೆಯೆಂದರೆ ಒಣಗಿದ ಕಂಬವೆಂದು ತಿಳಿದಿದ್ದೆ. ಅದು ಉಸಿರಿರುವವರೆಗೂ ತನ್ನನ್ನು ತಾನೇ ಕೆಡವಿ ಕಟ್ಟಿಕೊಳ್ಳುತ್ತದಂತೆ. ವಯಸ್ಸಾದಂತೆ ಕೆಡವುವುದು ಮುಂದಾಗಿ, ಕಟ್ಟುವುದು ಹಿಂದೆ ಬೀಳುತ್ತದೆ. ಮುದ್ದೆ, ಹಾಲು, ಮೊಸರಿನಿಂದ ಸಿಗುವ ಕ್ಯಾಲ್ಸಿಯಂ ಸಾಲದಿದ್ದಷ್ಟಕ್ಕೆ ಮಾತ್ರ ಮಾತ್ರೆ; ಅದನ್ನೂ ಎರಡು ಊಟಕ್ಕೆ ಹಂಚಬೇಕು, ಅತಿಯಾದರೆ ಮೂತ್ರಪಿಂಡದಲ್ಲಿ ಕಲ್ಲಾಗಬಹುದು. ಸುಮಾರು ಹತ್ತು ವರ್ಷಕ್ಕೆ ಇಡೀ ಅಸ್ಥಿಪಂಜರವೇ ಹೊಸದಂತೆ! ಹಾಗಾದರೆ ನಿನ್ನ ಅಣ್ಣ ಜ್ಞಾನೇಶನನ್ನು ಕೊನೆಯ ಸಲ ಹೊತ್ತ ನನ್ನ ಹೆಗಲಿನ ಮೂಳೆಯೂ ಈ ಆರು ವರ್ಷಗಳಲ್ಲಿ ನನಗೆ ತಿಳಿಸದೆಯೇ ಬಹುಪಾಲು ಬದಲಾಗಿದೆ. ಅವನು ಹೋದ ದಿನದಿಂದ ನಾನು ಕದಲಿಲ್ಲವೆಂದುಕೊಂಡಿದ್ದೆ. ನನ್ನ ಮೂಳೆಗೇ ಆ ಹಠವಿರಲಿಲ್ಲ. ಅಲ್ಲೇ ಹೆಗಲು ಮುಟ್ಟಿ ನೋಡಿಕೊಂಡೆ.

ಆದುದರಿಂದ ಬರೆಯುತ್ತಿದ್ದೇನೆ: ನೀನು ಅಂದದ್ದು ಸತ್ಯ. ಅಂದು ಅವನ ಎದೆನೋವು ಬರೀ ವಾಯುವೆಂದು ಸಾಧಿಸುತ್ತ, ಆಸ್ಪತ್ರೆಗೆ ಒಯ್ಯದೆ ಅರ್ಧ ದಿನ ಕಳೆದವನು ನಾನೇ. ಪ್ರತಿವಾದವಿಲ್ಲ.

ನಿನ್ನ ತಂದೆ,
ಶಂಭುಲಿಂಗಯ್ಯ

ಮರೆತ ಮಾತು: ಮಾತ್ರೆಯ ತಪ್ಪು ಯಾರದೆಂದು ವೈದ್ಯೆಗೆ ಇನ್ನೂ ಹೇಳಿಲ್ಲ. ನಿನ್ನೆ ಒಬ್ಬನೇ ಆಸ್ಪತ್ರೆಯ ಬಾಗಿಲವರೆಗೆ ಹೋಗಿ ಹಿಂದಿರುಗಿದೆ. ಸೋಮವಾರ ಮತ್ತೆ ಹೋಗುತ್ತೇನೆ. ನೀನು ಜೊತೆಗೆ ಬರುತ್ತೀಯಾ?